‘ಆಶ್‌ಕ್ಯಾನ್’ ಅಂದ್ರೆ ಬರೀ ಕಸದ ಡಬ್ಬನಾ? ಹಳೆಯ ಅಮೆರಿಕನ್ ಪದವೊಂದರ ಬಗ್ಗೆ ಸಹಾಯ ಬೇಕು

ಪುಟತಿರುವಿ
ಎಲ್ಲರಿಗೂ ನಮಸ್ಕಾರ. 1919ರ ನ್ಯೂಯಾರ್ಕ್‌ನಲ್ಲಿ ನಡೆಯುವ ಒಂದು ಹಳೆಯ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಆಶ್‌ಕ್ಯಾನ್’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ನಿಘಂಟು ‘ಕಸದ ಡಬ್ಬ’ ಅಂತ ಹೇಳಿ ಸುಮ್ಮನಾಗುತ್ತದೆ. ಆದರೆ ಕಥೆಯಲ್ಲಿ ಮೂರು ಕಡೆ ಮೂರು ಥರ ಬಂದಿದೆ.

ಒಂದು ಕಡೆ, ಚಳಿಗಾಲದ ಬೆಳಗ್ಗೆ ಕಟ್ಟಡದ ಕೆಲಸದವನು ನೆಲಮಾಳಿಗೆಯಿಂದ ಆಶ್‌ಕ್ಯಾನ್‌ಗಳನ್ನು ಎಳೆದು ತಂದು ಫುಟ್‌ಪಾತ್ ಮೇಲೆ ಸಾಲಾಗಿ ಇಡುತ್ತಾನೆ. ಇನ್ನೊಂದು ಕಡೆ ತಂಗಿ ಅಣ್ಣನಿಗೆ ‘ಆ ಪ್ಲಾನನ್ನು ಆಶ್‌ಕ್ಯಾನ್‌ಗೆ ಹಾಕು’ ಅನ್ನುತ್ತಾಳೆ. ಮೂರನೆಯದು ವಿಚಿತ್ರ. ನೌಕಾಪಡೆಯಿಂದ ಮನೆಗೆ ಬಂದ ಚಿಕ್ಕಪ್ಪ, ಹಡಗಿನ ಹಿಂಬದಿಯಿಂದ ಆಶ್‌ಕ್ಯಾನ್ ಉರುಳಿಸುತ್ತಿದ್ದ ಕಥೆ ಹೇಳುತ್ತಾನೆ. ಕಸದ ಡಬ್ಬ ಉರುಳಿಸಿದ್ದನ್ನು ಯಾರಾದರೂ ಅಷ್ಟು ಹೆಮ್ಮೆಯಿಂದ ಹೇಳುತ್ತಾರಾ?

ಈ ಪದದ ಹಿಂದೆ ಏನಿದೆ, ಈಗಲೂ ಯಾರಾದರೂ ಬಳಸುತ್ತಾರಾ, ಕನ್ನಡದಲ್ಲಿ ಏನು ಬರೆಯಬಹುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಒಲೆಬದಿ
ಪದದಲ್ಲೇ ಉತ್ತರ ಇದೆ. ಅದು ಬೂದಿಯ ಡಬ್ಬ. ಕಸದ ಡಬ್ಬ ಅನ್ನುವ ಅರ್ಥ ಬಂದದ್ದು ಆಮೇಲೆ.

ಆಗ ಅಮೆರಿಕದ ಪೂರ್ವದ ಊರುಗಳು ಚಳಿಗಾಲ ಕಳೆಯುತ್ತಿದ್ದದ್ದೇ ಕಲ್ಲಿದ್ದಲಿನಿಂದ. ನ್ಯೂಯಾರ್ಕ್, ಫಿಲಡೆಲ್ಫಿಯಾದ ಮನೆಗಳಿಗೆ ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದ ಗಣಿಗಳಿಂದ ಆಂಥ್ರಸೈಟ್ ಬರುತ್ತಿತ್ತು. ಅದು ಗಟ್ಟಿ ಕಲ್ಲಿದ್ದಲು. ಹೊಗೆ ಕಡಿಮೆ, ಶಾಖ ಜಾಸ್ತಿ. ಆದರೆ ಉರಿದ ಮೇಲೆ ಬೂದಿ, ಕಿಟ್ಟ ಉಳಿಯುತ್ತದೆ. ದೊಡ್ಡ ಕಟ್ಟಡ ಅಂದರೆ ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್. ಅದರಿಂದ ದಿನಾ ಬೂದಿ ಬಾಚಲೇಬೇಕು. ಇಲ್ಲದಿದ್ದರೆ ಕೆಳಗಿನಿಂದ ಗಾಳಿ ಬರುವುದಿಲ್ಲ, ಬೆಂಕಿ ಆರುತ್ತದೆ.

ಬಾಚಿದ ಬೂದಿಯಲ್ಲಿ ಕೆಂಡ ಇರುತ್ತದೆ. ಮೇಲೆ ತಣ್ಣಗೆ ಕಂಡರೂ ಒಳಗೆ ಗಂಟೆಗಟ್ಟಲೆ ಬಿಸಿ ಇರುತ್ತದೆ. ಮೊದಲು ಮರದ ಪೀಪಾಯಿಗಳಲ್ಲೂ ತುಂಬುತ್ತಿದ್ದರು. ಬೆಂಕಿ ಹತ್ತುವ ಅಪಾಯ ಎಷ್ಟು ಅಂತ ನೀವೇ ಯೋಚಿಸಿ. ಹಾಗಾಗಿ ಸತು ಲೇಪಿಸಿದ ದಪ್ಪ ತಗಡಿನ ಡಬ್ಬ ಬಂತು. ಅದರ ಮೈಮೇಲೆ ಉದ್ದಕ್ಕೂ ಮಡಿಕೆಗಳಿರುತ್ತವೆ. ಅವು ಅಂದಕ್ಕಲ್ಲ, ಬಲಕ್ಕೆ. ತುಂಬಿದ ಡಬ್ಬವನ್ನು ಒಬ್ಬರೇ ಎತ್ತುವುದು ಕಷ್ಟ, ಉರುಳಿಸಿಕೊಂಡೇ ಹೋಗಬೇಕು. ಸಾದಾ ತಗಡಾಗಿದ್ದರೆ ಒಂದೇ ಚಳಿಗಾಲಕ್ಕೆ ನಜ್ಜುಗುಜ್ಜಾಗುತ್ತಿತ್ತು. ಹಳೆಯ ಅಮೆರಿಕನ್ ಕಾರ್ಟೂನುಗಳಲ್ಲಿ ಬೀದಿ ಬೆಕ್ಕು ಮುಚ್ಚಳದ ಮೇಲೆ ಕೂತಿರುತ್ತದಲ್ಲ, ಆ ಡಬ್ಬದ ಆಕಾರ ಬಂದದ್ದು ಇಲ್ಲಿಂದಲೇ.

ನಿಮ್ಮ ಮೊದಲನೇ ವಾಕ್ಯದಲ್ಲಿರುವುದು ಖಂಡಿತ ಬೂದಿ. ಚಳಿಗಾಲ, ನೆಲಮಾಳಿಗೆ, ಕಟ್ಟಡದ ಕೆಲಸದವನು, ಮೂರೂ ಅದನ್ನೇ ಹೇಳುತ್ತಿವೆ.

ಬ್ರೂಕ್ಲಿನ್ ಕನ್ನಡಿಗ
ಒಲೆಬದಿ ಹೇಳಿದ್ದು ಸರಿ. ನಾನು ಇರುವುದು ಇಲ್ಲೇ. ಹಳೆಯ ಕಟ್ಟಡಗಳ ಮುಂದೆ ಫುಟ್‌ಪಾತ್‌ನಲ್ಲಿ ಜೋಡಿ ಕಬ್ಬಿಣದ ಬಾಗಿಲು ಮಲಗಿರುವುದನ್ನು ಈಗಲೂ ನೋಡಬಹುದು. ಅದರ ಕೆಳಗೆ ನೆಲಮಾಳಿಗೆ. ಎಷ್ಟೋ ಕಡೆ ಅಲ್ಲಿ ಕೈಯಿಂದ ತಿರುಗಿಸುವ ರಾಟೆ ಇರುತ್ತಿತ್ತು. ಬೂದಿ ತುಂಬಿದ ಡಬ್ಬವನ್ನು ಅದರಿಂದ ಮೇಲಕ್ಕೆ ಎತ್ತುತ್ತಿದ್ದರು.

ಈಗ ಆಶ್‌ಕ್ಯಾನ್ ಅಂತ ಯಾರೂ ಹೇಳುವುದಿಲ್ಲ. ತುಂಬಾ ವಯಸ್ಸಾದವರ ಬಾಯಲ್ಲಿ ಎಲ್ಲೋ ಕೇಳಬಹುದು. ಈಗಿನವರಿಗೆ ಮನೆಯದು ಟ್ರ್ಯಾಶ್‌ಕ್ಯಾನ್ ಅಥವಾ ಗಾರ್ಬೇಜ್‌ಕ್ಯಾನ್, ಕಟ್ಟಡದ ಹಿಂದೆ ನಿಲ್ಲುವ ದೊಡ್ಡ ಕಬ್ಬಿಣದ ಪೆಟ್ಟಿಗೆ ಡಂಪ್‌ಸ್ಟರ್. ಅದು ಟೆನೆಸಿಯ ನಾಕ್ಸ್‌ವಿಲ್‌ನ ಡೆಂಪ್‌ಸ್ಟರ್ ಅನ್ನುವ ಮನೆತನದ ಕಂಪನಿ 1930ರ ದಶಕದಲ್ಲಿ ಇಟ್ಟ ಹೆಸರು.

ಎರಡನೇ ಮಹಾಯುದ್ಧದ ನಂತರ ಮನೆಗಳಿಗೆ ಎಣ್ಣೆ, ಗ್ಯಾಸ್ ಬಂತು. ನೆಲಮಾಳಿಗೆಯಲ್ಲಿ ಬೂದಿ ಬಾಚುವ ಕೆಲಸವೇ ಇಲ್ಲವಾಯಿತು. ಡಬ್ಬ ಉಳಿಯಿತು, ಒಳಗೆ ಬೇರೆ ಕಸ ತುಂಬಿತು. ಹೆಸರು ಸ್ವಲ್ಪ ಕಾಲ ಹಾಗೇ ನಡೆಯಿತು. 1968ರ ಫೆಬ್ರವರಿಯಲ್ಲಿ ನಗರದ ಕಸದ ಕೆಲಸಗಾರರು ಒಂಬತ್ತು ದಿನ ಮುಷ್ಕರ ಮಾಡಿದರು. ಅದಾದ ಮೇಲೆ ಪ್ಲಾಸ್ಟಿಕ್ ಚೀಲಗಳು ಬೀದಿಗೆ ಬಂದವು, ತಗಡಿನ ಡಬ್ಬವೂ ಕಮ್ಮಿಯಾಯಿತು.

ಇನ್ನೊಂದು ವಿಷಯ. ಆ ಬೂದಿಯೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಿದರೆ ಆಶ್ಚರ್ಯವಾಗುತ್ತದೆ. ಬ್ರೂಕ್ಲಿನ್‌ನ ಮನೆಗಳ ಬೂದಿ ರೈಲಿನಲ್ಲಿ ಕ್ವೀನ್ಸ್‌ನ ಕರೋನಾ ಅನ್ನುವ ಜೌಗು ಜಾಗಕ್ಕೆ ಹೋಗುತ್ತಿತ್ತು. ಅಲ್ಲಿ ಬೂದಿಯ ಗುಡ್ಡಗಳೇ ಎದ್ದಿದ್ದವು. 1930ರ ದಶಕದಲ್ಲಿ ನಗರದ ಪಾರ್ಕುಗಳ ಮುಖ್ಯಸ್ಥ ರಾಬರ್ಟ್ ಮೋಸಸ್ ಅದನ್ನು ಸಮ ಮಾಡಿಸಿದರು. 1939ರ ವಿಶ್ವ ಮೇಳ ನಡೆದದ್ದು ಅಲ್ಲಿ. ಈಗ ಅದು ಫ್ಲಶಿಂಗ್ ಮೆಡೋಸ್ ಕರೋನಾ ಪಾರ್ಕ್. ಯುಎಸ್ ಓಪನ್ ಟೆನ್ನಿಸ್ ನಡೆಯುವುದೂ ಅದೇ ಪಾರ್ಕ್‌ನಲ್ಲಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2010ರಲ್ಲಿ ಮತ್ತು 2023ರಲ್ಲಿ ಡಬಲ್ಸ್ ಫೈನಲ್ ಆಡಿದ್ದು ಅಲ್ಲೇ!

ಮಲೆನಾಡಿನ ಮಳೆ
ನನಗೆ ಒಂದು ಅರ್ಥವಾಗಲಿಲ್ಲ. ಬೂದಿ ಯಾಕೆ ಕಸವಾಯಿತು? ನಮ್ಮಲ್ಲಿ ಬಚ್ಚಲ ಒಲೆಯ ಬೂದಿಯನ್ನು ಯಾರೂ ಬೀದಿಗೆ ಇಡುತ್ತಿರಲಿಲ್ಲ. ಪಾತ್ರೆ ತಿಕ್ಕಲು ಬೂದಿ, ತೆಂಗಿನ ಬುಡಕ್ಕೆ ಬೂದಿ, ಬೀಜಕ್ಕೆ ಹುಳ ಬೀಳದಿರಲು ಬೂದಿ. ಮಿಕ್ಕಿದ್ದು ಗೊಬ್ಬರದ ಗುಂಡಿಗೆ. ಬೂದಿಗೆ ಅಂತ ಒಂದು ಡಬ್ಬ ಇಟ್ಟು, ಅದನ್ನು ಒಯ್ಯಲು ಗಾಡಿ ಬರಬೇಕು ಅಂದರೆ ನಂಬುವುದೇ ಕಷ್ಟ.

ಒಲೆಬದಿ
@ಮಲೆನಾಡಿನ ಮಳೆ, ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಇರುವುದು ಸೌದೆಗೂ ಕಲ್ಲಿದ್ದಲಿಗೂ. ಸೌದೆಯ ಬೂದಿಯಲ್ಲಿ ಪೊಟ್ಯಾಶ್ ಇರುತ್ತದೆ, ಸುಣ್ಣದ ಅಂಶ ಇರುತ್ತದೆ. ಗಿಡ ಅದನ್ನು ಮಣ್ಣಿನಿಂದ ತೆಗೆದುಕೊಂಡಿತ್ತು, ಬೂದಿ ಮಣ್ಣಿಗೆ ವಾಪಸ್ ಕೊಡುತ್ತದೆ. ಅಮೆರಿಕದವರೂ ಸೌದೆ ಉರಿಸುತ್ತಿದ್ದ ಕಾಲದಲ್ಲಿ ಬೂದಿಯನ್ನು ಎಸೆಯುತ್ತಿರಲಿಲ್ಲ. ಅದರಲ್ಲಿ ನೀರು ಇಳಿಸಿ ಕ್ಷಾರದ ನೀರು ಮಾಡಿ, ಕೊಬ್ಬಿನ ಜೊತೆ ಕುದಿಸಿ ಸಾಬೂನು ಮಾಡುತ್ತಿದ್ದರು.

ಕಲ್ಲಿದ್ದಲಿನ ಬೂದಿ ಹಾಗಲ್ಲ. ಅದು ಹೆಚ್ಚುಕಡಿಮೆ ಸುಟ್ಟ ಮಣ್ಣು, ಕಲ್ಲು. ಗಿಡಕ್ಕೆ ಲಾಭ ಕಡಿಮೆ. ಮೇಲಾಗಿ ಐದಾರು ಮಹಡಿಯ ಬಾಡಿಗೆ ಕಟ್ಟಡದಲ್ಲಿ ತೋಟ ಎಲ್ಲಿಂದ ಬರಬೇಕು? ಅಲ್ಲಿ ಆ ಬೂದಿಗೆ ಹೋಗಲು ಜಾಗ ಇರಲಿಲ್ಲ. ಹಾಗಂತ ಪೂರಾ ವ್ಯರ್ಥವೂ ಆಗಲಿಲ್ಲ. ಹಿಮ ಬಿದ್ದು ಗಾಜಿನಂತೆ ಜಾರುವ ಫುಟ್‌ಪಾತ್ ಮೇಲೆ ಬೂದಿ ಚೆಲ್ಲುತ್ತಿದ್ದರು. ಓಟದ ಟ್ರ್ಯಾಕ್‌ಗೆ ಕಿಟ್ಟ ಹಾಸುತ್ತಿದ್ದರು. ಸಿಂಡರ್ ಬ್ಲಾಕ್ ಅನ್ನುವ ಇಟ್ಟಿಗೆಗೆ ಹೆಸರು ಬಂದದ್ದೂ ಅದರಿಂದಲೇ. ಬಡ ಮನೆಗಳ ಮಕ್ಕಳು ಬೂದಿ ಜರಡಿ ಹಿಡಿದು, ಪೂರ್ತಿ ಉರಿಯದ ಇದ್ದಿಲ ಚೂರುಗಳನ್ನು ಹೆಕ್ಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಪುಟತಿರುವಿ ಅವರೇ, ನಿಮ್ಮ ಕಾದಂಬರಿಯಲ್ಲಿ ಮಕ್ಕಳು ಆಶ್‌ಕ್ಯಾನ್ ಕೆದಕುವ ದೃಶ್ಯ ಬಂದರೆ ಅವರು ಹುಡುಕುತ್ತಿರುವುದು ಊಟವನ್ನೇ ಅಂತ ತಿಳಿಯಬೇಡಿ. ಬೆಂಕಿಯೂ ಆಗಿರಬಹುದು.

ಹಸಿಕಸ ಒಣಕಸ
ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಕಸ ವಿಂಗಡಣೆಯ ಕೆಲಸ ನೋಡಿಕೊಳ್ಳುತ್ತೇನೆ. ಹಾಗಾಗಿ ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ.

1895ರಲ್ಲಿ ಜಾರ್ಜ್ ವೇರಿಂಗ್ ಅನ್ನುವವರು ನ್ಯೂಯಾರ್ಕ್‌ನ ಬೀದಿ ಸ್ವಚ್ಛತೆಯ ಕಮಿಷನರ್ ಆದರು. ಅಂತರ್ಯುದ್ಧದಲ್ಲಿ ಹೋರಾಡಿದ್ದ ಕರ್ನಲ್. ಗುಡಿಸುವವರಿಗೆ ಬಿಳಿ ಸಮವಸ್ತ್ರ ಕೊಟ್ಟರು. ಮೆರವಣಿಗೆ ಮಾಡಿಸಿದರು. ಆ ಕೆಲಸಕ್ಕೆ ಒಂದು ಮರ್ಯಾದೆ ತಂದರು. ಜನ ಆ ಗುಡಿಸುವವರನ್ನು ‘ವೈಟ್ ವಿಂಗ್ಸ್’ ಅಂತ ಕರೆದರು. ಮುಖ್ಯವಾದದ್ದು ಇದು: ಪ್ರತಿ ಮನೆಯೂ ಕಸವನ್ನು ಮೂರು ಭಾಗ ಮಾಡಬೇಕು ಅಂತ ನಿಯಮ ತಂದರು. ಅಡುಗೆಮನೆಯ ಹಸಿ ಕಸ ಒಂದು, ಕಾಗದ, ಬಟ್ಟೆಯಂಥ ಒಣ ಕಸ ಒಂದು, ಬೂದಿ ಒಂದು.

ಆಗಿನ ಅಮೆರಿಕನ್ ಇಂಗ್ಲಿಷ್‌ನಲ್ಲಿ ಈ ಮೂರಕ್ಕೂ ಬೇರೆ ಬೇರೆ ಪದ ಇತ್ತು. ‘ಗಾರ್ಬೇಜ್’ ಅಂದರೆ ಹಸಿ ಕಸ ಮಾತ್ರ. ‘ರಬಿಶ್’ ಅಂದರೆ ಒಣ ಕಸ. ‘ಆ್ಯಶಸ್’ ಅಂದರೆ ಬೂದಿ. ಹಾಗಾಗಿ ಆ ಕಾಲದ ಬರಹದಲ್ಲಿ ಗಾರ್ಬೇಜ್‌ಕ್ಯಾನ್ ಮತ್ತು ಆಶ್‌ಕ್ಯಾನ್ ಪಕ್ಕಪಕ್ಕ ಬಂದರೆ ಅದು ಒಂದೇ ಮಾತನ್ನು ಎರಡು ಸಲ ಹೇಳಿದ್ದಲ್ಲ, ಎರಡು ಬೇರೆ ಡಬ್ಬ. ಹಸಿ ಕಸ ಬ್ಯಾರನ್ ದ್ವೀಪಕ್ಕೆ ಹೋಗುತ್ತಿತ್ತು, ಅಲ್ಲಿ ಅದನ್ನು ಬೇಯಿಸಿ ಜಿಡ್ಡು, ಗೊಬ್ಬರ ತೆಗೆಯುತ್ತಿದ್ದರು. ಬೂದಿ ತಗ್ಗು ಜಾಗ ತುಂಬಲು ಹೋಗುತ್ತಿತ್ತು. ಈಗ ಜೈಲಿಗೆ ಹೆಸರಾದ ರೈಕರ್ಸ್ ದ್ವೀಪ ಅಷ್ಟು ದೊಡ್ಡದಾದದ್ದು ಇಂಥ ಬೂದಿ, ಕಸ ತುಂಬಿಯೇ.

ಪ್ಯಾರಿಸ್‌ನಲ್ಲಿ ಅದಕ್ಕೂ ಮೊದಲು, 1883ರಲ್ಲಿ, ಯುಜೀನ್ ಪುಬೆಲ್ ಅನ್ನುವ ಅಧಿಕಾರಿ ಇಂಥದ್ದೇ ಆದೇಶ ಹೊರಡಿಸಿದ್ದರು. ಅವರ ಹೆಸರೇ ಫ್ರೆಂಚ್‌ನಲ್ಲಿ ಕಸದ ಡಬ್ಬಕ್ಕೆ ಉಳಿಯಿತು. ನಮ್ಮಲ್ಲಿ ಹೈಕೋರ್ಟ್ ಎರಡು ಬುಟ್ಟಿ ಒಂದು ಚೀಲ ಅಂತ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ವಿಂಗಡಣೆ ಏನೋ ಹೊಸ ಕಾಟ ಅನ್ನುವವರಿಗೆ ನಾನು ವೇರಿಂಗ್ ಕಥೆಯನ್ನೇ ಹೇಳುತ್ತೇನೆ. ಹವಾನಾಕ್ಕೆ ಅಲ್ಲಿನ ನೈರ್ಮಲ್ಯ ಪರಿಶೀಲಿಸಲು ಹೋಗಿ, ಹಳದಿ ಜ್ವರ ಅಂಟಿಸಿಕೊಂಡು, 1898ರಲ್ಲಿ ತೀರಿಕೊಂಡರು. ಅಂಥ ಮನುಷ್ಯನ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ ಅನ್ನುವುದು ಬೇಸರ.

ಪದಬೇರು
ನಾವೆಲ್ಲ ದಿನಾ ಹೇಳುವ ‘ಡಸ್ಟ್‌ಬಿನ್’ ಕೂಡ ಇದೇ ಕಥೆ. ಅದು ಬ್ರಿಟಿಷರ ಪದ, ಅವರಿಂದಲೇ ನಮಗೆ ಬಂತು. ಅದರಲ್ಲಿರುವ ‘ಡಸ್ಟ್’ ಕಸಬರಿಕೆಗೆ ಸಿಗುವ ಧೂಳಲ್ಲ. 19ನೇ ಶತಮಾನದ ಲಂಡನ್‌ನಲ್ಲಿ ಡಸ್ಟ್ ಅಂದರೆ ಮುಖ್ಯವಾಗಿ ಮನೆಯ ಕಲ್ಲಿದ್ದಲ ಒಲೆಯ ಬೂದಿ. ಅದನ್ನು ಒಯ್ಯುವವನು ಡಸ್ಟ್‌ಮನ್. ಆ ಬೂದಿಯನ್ನು ಜರಡಿ ಹಿಡಿದು ಇಟ್ಟಿಗೆ ಮಾಡುವವರಿಗೆ ಮಾರುತ್ತಿದ್ದರು. ಅದರಲ್ಲಿ ಒಳ್ಳೆಯ ದುಡ್ಡಿತ್ತು.

ಅಂದರೆ ಡಸ್ಟ್‌ಬಿನ್ ಮತ್ತು ಆಶ್‌ಕ್ಯಾನ್ ಎರಡೂ ಬೂದಿಯ ಡಬ್ಬಗಳೇ. ಒಂದು ಬದುಕಿಕೊಂಡಿತು, ಇನ್ನೊಂದು ಹೋಯಿತು. ನನಗೆ ಕಾಣುವ ಕಾರಣ ಇದು: ‘ಡಸ್ಟ್’ ಪದದ ಒಳಗೆ ಬೂದಿ ಕಣ್ಣಿಗೆ ಕಾಣುವುದಿಲ್ಲ. ಬೂದಿ ಹೋದ ಮೇಲೂ ಅದು ಯಾವ ಕಸಕ್ಕೂ ಹೊಂದಿಕೊಂಡಿತು. ‘ಆಶ್’ ಹಾಗಲ್ಲ, ಎದುರಿಗೇ ಬೂದಿ ಅಂತ ಬರೆದಿದೆ. ಒಲೆ ಆರಿದ ಮೇಲೆ ಆ ಹೆಸರು ನಿಲ್ಲುವುದು ಕಷ್ಟ.

1945ರ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಜರ್ಮನಿ ಸೋತ ಮೇಲೆ ದೊಡ್ಡ ನಾಜಿ ಕೈದಿಗಳನ್ನು ಲಕ್ಸೆಂಬರ್ಗ್‌ನ ಮೊಂಡೋರ್ಫ್ ಅನ್ನುವ ಊರಿನ ಹೋಟೆಲ್ ಒಂದರಲ್ಲಿ ಇಟ್ಟರು. ಗೋರಿಂಗ್, ಡೋನಿಟ್ಸ್, ಕೈಟೆಲ್ ಎಲ್ಲ ಅಲ್ಲಿದ್ದರು. ನ್ಯೂರೆಂಬರ್ಗ್ ವಿಚಾರಣೆಗೆ ಮುಂಚಿನ ಮಾತು. ನಡೆಸುತ್ತಿದ್ದವರು ಅಮೆರಿಕನ್ನರು, ಗುಪ್ತ ಹೆಸರು ‘ಆಶ್‌ಕ್ಯಾನ್’. ವಿಜ್ಞಾನಿಗಳು, ಕೈಗಾರಿಕೆಯವರು, ಹಿಟ್ಲರನ ಶಸ್ತ್ರಾಸ್ತ್ರ ಮಂತ್ರಿ ಆಲ್ಬರ್ಟ್ ಸ್ಪೀರ್‌ನಂಥವರು ಇದ್ದ ಇನ್ನೊಂದು ಶಿಬಿರ ಜರ್ಮನಿಯ ಕ್ರಾನ್ಸ್‌ಬರ್ಗ್ ಕೋಟೆಯಲ್ಲಿತ್ತು. ಅಲ್ಲಿ ಬ್ರಿಟಿಷರ ಕೈ ಇತ್ತು, ಹೆಸರು ‘ಡಸ್ಟ್‌ಬಿನ್’. ಎರಡು ದೇಶ, ಒಂದೇ ತಿರಸ್ಕಾರ, ಅವರವರ ಮನೆಮಾತಿನಲ್ಲಿ.

ಬಂದರುಗಾಳಿ
ಚಿಕ್ಕಪ್ಪನ ಆಶ್‌ಕ್ಯಾನ್ ಬಗ್ಗೆ ನಾನು ಹೇಳುತ್ತೇನೆ. ಅದು ಸಿಡಿಗುಂಡು. ಜಲಾಂತರ್ಗಾಮಿಗಳನ್ನು ಹೊಡೆಯಲು ಹಡಗಿನಿಂದ ನೀರಿಗೆ ಬೀಳಿಸುವ ‘ಡೆಪ್ತ್ ಚಾರ್ಜ್’.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಯು-ಬೋಟ್‌ಗಳ ಕಾಟ ವಿಪರೀತವಾಗಿತ್ತು. 1916ರಲ್ಲಿ ಬ್ರಿಟಿಷ್ ನೌಕಾಪಡೆಗೆ ‘ಟೈಪ್ ಡಿ’ ಅನ್ನುವ ಡೆಪ್ತ್ ಚಾರ್ಜ್ ಬಂತು. ಉಕ್ಕಿನ ಉರುಟು ಪೀಪಾಯಿ, ಒಳಗೆ 300 ಪೌಂಡ್ ಟಿಎನ್‌ಟಿ. ಹಡಗಿನ ಹಿಂಬದಿಯಲ್ಲಿ ಹಳಿಯಂಥ ಚೌಕಟ್ಟು, ಅದರಿಂದ ಉರುಳಿಸಿದರೆ ಸಾಕು. ನೀರಿನ ಒತ್ತಡಕ್ಕೆ ಕೆಲಸ ಮಾಡುವ, ‘ಪಿಸ್ತೂಲು’ ಅಂತ ಕರೆಯುವ ಸಿಡಿಸುವ ಸಾಧನ ಒಳಗಿರುತ್ತದೆ. ನಿಗದಿ ಮಾಡಿದ ಆಳ ಮುಟ್ಟಿದ ಕೂಡಲೇ ಸಿಡಿಯುತ್ತದೆ. ಅಮೆರಿಕನ್ನರು ಯುದ್ಧಕ್ಕೆ ಸೇರಿದ ಮೇಲೆ ಅದೇ ಮಾದರಿ ತೆಗೆದುಕೊಂಡರು. ನೋಡಲು ಥೇಟ್ ಮನೆಮುಂದಿನ ಆಶ್‌ಕ್ಯಾನ್, ಹಾಗಾಗಿ ನಾವಿಕರು ಆ ಹೆಸರಿಟ್ಟರು. ಎರಡನೇ ಮಹಾಯುದ್ಧದಲ್ಲೂ ಹೆಸರು ಮುಂದುವರಿಯಿತು.

ಚಿಕ್ಕಪ್ಪ 1919ರಲ್ಲಿ ಹೆಮ್ಮೆಯಿಂದ ಹೇಳಿದ್ದು ಸಹಜವೇ. ಅಲ್ಲಿ ‘ಕಸದ ಡಬ್ಬ’ ಅಂತ ಬರೆದರೆ ಆ ಮನುಷ್ಯ ಅಟ್ಲಾಂಟಿಕ್‌ನಲ್ಲಿ ಪಟ್ಟ ಕಷ್ಟವೆಲ್ಲ ಮಾಯವಾಗುತ್ತದೆ. ಅಂದ ಹಾಗೆ ಭಾರೀ ಸದ್ದು ಮಾಡುವ ಒಂದು ಪಟಾಕಿಗೂ ಅಮೆರಿಕದಲ್ಲಿ ಆಶ್‌ಕ್ಯಾನ್ ಅನ್ನುತ್ತಿದ್ದರು.

ಕುಂಚಪ್ರಿಯೆ
ಚಿತ್ರಕಲೆ ಓದಿದವರಿಗೆ ಈ ಪದ ಬೇರೆ ಕಡೆಯಿಂದ ಗೊತ್ತು. ‘ಆಶ್‌ಕ್ಯಾನ್ ಸ್ಕೂಲ್’. ಅದು ಶಾಲೆಯಲ್ಲ, 20ನೇ ಶತಮಾನದ ಆರಂಭದ ಚಿತ್ರಕಾರರ ಒಂದು ಗುಂಪು. ರಾಬರ್ಟ್ ಹೆನ್ರೈ ಗುರು. ಜಾನ್ ಸ್ಲೋನ್, ವಿಲಿಯಂ ಗ್ಲಾಕೆನ್ಸ್, ಜಾರ್ಜ್ ಲಕ್ಸ್, ಎವರೆಟ್ ಶಿನ್ ಅವರ ಜೊತೆಗಾರರು. ಈ ನಾಲ್ವರೂ ಫಿಲಡೆಲ್ಫಿಯಾದ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದವರು. ಬೆಂಕಿ ಬಿದ್ದ ಕಡೆ, ಮುಷ್ಕರ ನಡೆದ ಕಡೆ ಓಡಿ, ನೋಡಿದ್ದನ್ನು ಬೇಗ ಗೆರೆಗೆ ಇಳಿಸುವ ಅಭ್ಯಾಸ ಅವರಿಗಿತ್ತು. ನ್ಯೂಯಾರ್ಕ್‌ಗೆ ಬಂದ ಮೇಲೂ ಅವರ ಕಣ್ಣು ಹೋದದ್ದು ಅಲ್ಲಿಗೇ: ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹೆಂಗಸರು, ಹೋಟೆಲುಗಳು, ಕುಸ್ತಿ, ಕೊಳೆಯಾದ ಹಿಮ.

1908ರ ಫೆಬ್ರವರಿಯಲ್ಲಿ ಮ್ಯಾಕ್‌ಬೆತ್ ಗ್ಯಾಲರಿಯಲ್ಲಿ ಈ ಐವರು ಇನ್ನೂ ಮೂವರ ಜೊತೆ ಪ್ರದರ್ಶನ ಮಾಡಿದರು. ‘ದಿ ಎಯ್ಟ್’ ಅಂತ ಹೆಸರಾಯಿತು. ಆಗ ಯಾರೂ ಅವರನ್ನು ಆಶ್‌ಕ್ಯಾನ್ ಅನ್ನಲಿಲ್ಲ. ಆ ಪದ ಬಂದದ್ದು 1916ರಲ್ಲಿ, ‘ದಿ ಮಾಸಸ್’ ಅನ್ನುವ ಎಡಪಂಥೀಯ ಪತ್ರಿಕೆಯ ಒಳಜಗಳದಲ್ಲಿ. ಆರ್ಟ್ ಯಂಗ್ ಅನ್ನುವ ವ್ಯಂಗ್ಯಚಿತ್ರಕಾರರು, ಕೆಲವರಿಗೆ ವಿಚಾರ ಬೇಕಿಲ್ಲ, ಬರೀ ಆಶ್‌ಕ್ಯಾನ್‌ಗಳ ಚಿತ್ರ ಹಾಕಬೇಕು ಅಂತ ದೂರಿದರು. ಬೈಗುಳವಾಗಿ ಬಂದದ್ದು. 1930ರ ದಶಕದ ಹೊತ್ತಿಗೆ ಕಲಾ ಇತಿಹಾಸದ ಹೆಸರಾಗಿ ನಿಂತಿತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಏನೆಂದರೆ, ಆಗ ಶ್ರೀಮಂತರ ಗೋಡೆಗೆ ಬೇಕಾಗಿದ್ದದ್ದು ತೋಟ, ಬಿಳಿ ಗೌನಿನ ಹುಡುಗಿಯರು. ಬೀದಿಯ ಪ್ರತಿ ಮನೆಯ ಮುಂದೆ ನಿಂತಿದ್ದ ಆ ಡಬ್ಬ ಯಾರ ಚಿತ್ರದಲ್ಲೂ ಇರಲಿಲ್ಲ. ಇವರು ಅದನ್ನು ಬಿಡಲಿಲ್ಲ. ದಯವಿಟ್ಟು ಜಾನ್ ಸ್ಲೋನ್ ಅವರ ಚಿತ್ರಗಳನ್ನು ಹುಡುಕಿ ನೋಡಿ. ನಿಮ್ಮ ಕಾದಂಬರಿಯ ಬೀದಿ ಹೇಗಿತ್ತು ಅಂತ ಕಣ್ಣಿಗೆ ಕಟ್ಟುತ್ತದೆ. ಯಾವ ನಿಘಂಟೂ ಅಷ್ಟು ಸಹಾಯ ಮಾಡುವುದಿಲ್ಲ.

ಚಿತ್ರಕಥೆ ಓದುಗ
ಕಾಮಿಕ್ಸ್ ಸಂಗ್ರಹ ಮಾಡುವವರಲ್ಲಿ ಈ ಪದ ಇವತ್ತಿಗೂ ಜೀವಂತ. 1930–40ರ ದಶಕದಲ್ಲಿ ಪ್ರಕಾಶಕರು ಒಂದು ಹೆಸರನ್ನು ತಮ್ಮದು ಅಂತ ಕಾಯ್ದಿರಿಸಲು ಆತುರದಲ್ಲಿ ಕೆಲವೇ ಪ್ರತಿ ಮುದ್ರಿಸುತ್ತಿದ್ದರು. ಅಂಗಡಿಗೆ ಕಳಿಸಲು ಅಲ್ಲ, ಟ್ರೇಡ್‌ಮಾರ್ಕ್ ದಾಖಲೆಗೆ ಮಾತ್ರ. ಆಮೇಲೆ ಅದರ ಜಾಗ ಕಸದ ಡಬ್ಬ, ಅದಕ್ಕೇ ‘ಆಶ್‌ಕ್ಯಾನ್’ ಪ್ರತಿ. ಫಾಸೆಟ್ ಕಂಪನಿಯ ಕ್ಯಾಪ್ಟನ್ ಮಾರ್ವೆಲ್ 1940ರ ಅಂಥ ಪ್ರತಿಯಲ್ಲಿ ಮೊದಲು ಕ್ಯಾಪ್ಟನ್ ಥಂಡರ್ ಆಗಿದ್ದ. ಎಸೆಯಲು ಅಂತ ಮಾಡಿದ್ದಕ್ಕೆ ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಬ್ರೂಕ್ಲಿನ್ ಕನ್ನಡಿಗ
ಒಂದು ಸೇರಿಸುತ್ತೇನೆ. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1920ರ ದಶಕದಲ್ಲಿ ಇಲ್ಲಿನ ಬಾರ್ನಾರ್ಡ್ ಕಾಲೇಜಿನಲ್ಲಿ ಓದುವಾಗ ಅವರ ಗೆಳತಿಯರ ಗುಂಪಿಗೆ ‘ಆಶ್‌ಕ್ಯಾನ್ ಕ್ಯಾಟ್ಸ್’ ಅಂತ ಹೆಸರಿತ್ತು. ಅವರ ಪ್ರಾಧ್ಯಾಪಕಿಯೊಬ್ಬರು ಕರೆದದ್ದು. ಬೀದಿ ಬೆಕ್ಕುಗಳು ಅನ್ನುವ ಅರ್ಥ. ಹುಡುಗಿಯರು ಅದನ್ನು ಖುಷಿಯಿಂದ ಇಟ್ಟುಕೊಂಡರು.

ಪುಟತಿರುವಿ
ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಈಗ ಎರಡನೇ ವಾಕ್ಯ ಉಳಿಯಿತು. ‘ಆ ಪ್ಲಾನನ್ನು ಆಶ್‌ಕ್ಯಾನ್‌ಗೆ ಹಾಕು.’ ಇಲ್ಲೂ ಬೂದಿ ಬೇಕಾ?

ಪದಬೇರು
ಬೇಡ ಅಂತ ನನ್ನ ಅಭಿಪ್ರಾಯ. ಇಲ್ಲಿ ಅದು ಮಾತಿನ ವರಸೆ. ‘ಹಿಸ್ಟರಿಯ ಆಶ್‌ಕ್ಯಾನ್’ ಅಂತ ಅಮೆರಿಕನ್ ಲೇಖಕರು ಬರೆಯುವುದೂ ಹೀಗೇ. 1917ರಲ್ಲಿ ಸೋವಿಯತ್ ಸಮ್ಮೇಳನದಿಂದ ಎದ್ದು ಹೋದ ವಿರೋಧಿ ಬಣದ ಮೆನ್ಶೆವಿಕರಿಗೆ ರಷ್ಯಾದ ಕ್ರಾಂತಿಯ ನಾಯಕ ಟ್ರಾಟ್‌ಸ್ಕಿ, ನಿಮ್ಮ ಜಾಗ ಇತಿಹಾಸದ ಕಸದಲ್ಲಿ ಅನ್ನುವ ಅರ್ಥದಲ್ಲಿ ಹೇಳಿದ ಮಾತನ್ನು ಕೆಲವರು ‘ಡಸ್ಟ್‌ಬಿನ್’ ಅಂತ ಅನುವಾದಿಸಿದರು, ಕೆಲವರು ಬೇರೆ ಥರ. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ 1982ರ ಜೂನ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಅದನ್ನೇ ಕಮ್ಯುನಿಸಮ್ ಮೇಲೆ ತಿರುಗಿಸಿ ‘ಬೂದಿ ಗುಡ್ಡೆ’ ಅಂದರು. ನಮ್ಮ ಪತ್ರಿಕೆಗಳು ‘ಇತಿಹಾಸದ ಕಸದ ಬುಟ್ಟಿ’ ಅನ್ನುತ್ತವೆ. ಓದುಗರಿಗೆ ತಲುಪುತ್ತದೆ. ನಿಮ್ಮ ತಂಗಿಯ ಬಾಯಲ್ಲಿ ‘ಆ ಪ್ಲಾನನ್ನು ತಿಪ್ಪೆಗೆಸೆ’ ಅಂದರೆ ಚೆನ್ನಾಗಿರುತ್ತದೆ.

ಮಲೆನಾಡಿನ ಮಳೆ
ತಿಪ್ಪೆ ಬೇಡ. ತಿಪ್ಪೆ ನಮ್ಮಲ್ಲಿ ಗೊಬ್ಬರ, ಮುಂದಿನ ಬೆಳೆಗೆ ಅದೇ ಬೇಕು. ತಿಪ್ಪೇಸ್ವಾಮಿ, ತಿಪ್ಪಮ್ಮ ಅಂತ ಮಕ್ಕಳಿಗೆ ಹೆಸರಿಡುವ ನಾಡು ಇದು. ನ್ಯೂಯಾರ್ಕ್‌ನ ಬಾಡಿಗೆ ಮನೆಯ ಹುಡುಗಿ ತಿಪ್ಪೆ ಅಂದರೆ ಕಥೆ ಚಿತ್ರದುರ್ಗಕ್ಕೆ ಬಂದಂತೆ ಆಗುತ್ತದೆ.

ಒಲೆಬದಿ
ಮಳೆಯವರ ಮಾತು ಒಪ್ಪುತ್ತೇನೆ. ಆದರೆ ನನ್ನ ಪ್ರಕಾರ ಬೂದಿಯನ್ನು ಪೂರ್ತಿ ಬಿಡಲೂಬಾರದು. 1919ರಲ್ಲಿ ಅವಳು ಆ ಮಾತು ಹೇಳುವಾಗ ಡಬ್ಬ ನಿಜವಾಗಿಯೂ ಬಾಗಿಲ ಮುಂದೆ ಇದೆ. ಕಾದಂಬರಿಯ ಮೊದಲಲ್ಲೇ ಅದು ಬೂದಿ ಡಬ್ಬ ಅಂತ ಓದುಗರಿಗೆ ತೋರಿಸಿಬಿಟ್ಟರೆ, ಆಮೇಲೆ ‘ಬೂದಿ ಡಬ್ಬಕ್ಕೆ ಹಾಕು’ ಅಂದಾಗ ಯಾರಿಗೂ ತೊಡಕಾಗುವುದಿಲ್ಲ. 1960ರ ನಂತರದ ಕಥೆಯಾಗಿದ್ದರೆ ನಾನೂ ಕಸದ ಬುಟ್ಟಿ ಅಂತಲೇ ಹೇಳುತ್ತಿದ್ದೆ.

ಬಂದರುಗಾಳಿ
ಹಾಗೆ ಮಾಡಿದರೆ ಚಿಕ್ಕಪ್ಪನ ಜಾಗವೂ ಸರಿಹೋಗುತ್ತದೆ. ‘ನಾವು ಬೂದಿ ಡಬ್ಬ ಅಂತಿದ್ದ ಸಿಡಿಗುಂಡು’ ಅಂತ ಒಂದು ಸಲ ಅವನ ಬಾಯಲ್ಲೇ ಹೇಳಿಸಿ. ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಪುಟತಿರುವಿ
ಹಾಗೇ ಮಾಡುತ್ತೇನೆ. ಮೊದಲ ದೃಶ್ಯಕ್ಕೆ ‘ತಗಡಿನ ಬೂದಿ ಡಬ್ಬಗಳು’ ಅಂತ ಬರೆದಿದ್ದೇನೆ. ತಂಗಿಯ ಮಾತಿಗೂ ಬೂದಿ ಡಬ್ಬವೇ ಇರಲಿ. ಚಿಕ್ಕಪ್ಪನಿಗೆ ಬಂದರುಗಾಳಿ ಹೇಳಿದ ಸಾಲು. ಇನ್ನೊಂದು ಅಧ್ಯಾಯದಲ್ಲಿ ‘ಗಾರ್ಬೇಜ್‌ಕ್ಯಾನ್’ ಬೇರೆಯಾಗಿ ಬರುತ್ತದೆ, ಅದನ್ನು ‘ಎಂಜಲ ಡಬ್ಬ’ ಅಂತ ಮಾಡಬಹುದಾ?

ಹಸಿಕಸ ಒಣಕಸ
‘ಎಂಜಲ’ ಅಂದರೆ ತಿಂದು ಬಿಟ್ಟದ್ದು ಮಾತ್ರ ಆಗುತ್ತದೆ. ತರಕಾರಿ ಸಿಪ್ಪೆ, ಮೀನಿನ ತಲೆ, ಕೊಳೆತ ಹಣ್ಣು ಎಲ್ಲ ಅದರೊಳಗೇ ಹೋಗುತ್ತಿತ್ತು. ‘ಮುಸುರೆ ಡಬ್ಬ’ ಅನ್ನಿ. ಹಳೆಯ ಕಾಲದ ಮಾತು, ಅಡುಗೆಮನೆಯದು, ಬೂದಿಗೂ ಅದಕ್ಕೂ ಗೊಂದಲ ಆಗುವುದಿಲ್ಲ.